ಕಾಫಿಗೆ ಬಂದವಳು

ಡಾಗ್ನಿ ಆ ಮನೆಯಲ್ಲಿ ಹದಿನಾಲ್ಕು ವರ್ಷ ಬಾಳಿದಳು. ಮುಂದಿನ ಮೆಟ್ಟಿಲು ಹತ್ತಿ ಮುಂಬಾಗಿಲಿನಿಂದ ಒಳಗೆ ಹೋದದ್ದು ಮಾತ್ರ ಬೆರಳೆಣಿಕೆಯಷ್ಟು ಸಲ. ಉಳಿದಂತೆ ಅವಳ ದಾರಿ ಅಂಗಳದ ಕಡೆಯಿಂದ. ಕಸದ ಡಬ್ಬಿ, ಸೈಕಲ್ಲುಗಳ ಸಾಲು ದಾಟಿ, ಅಡುಗೆಮನೆಗೆ ಹೋಗುವ ಕಿರಿದಾದ ಹಿಂಬದಿಯ ಮೆಟ್ಟಿಲು. ಕೋಪನ್‌ಹೇಗನ್ನಿನ ವೆಸ್ಟರ್‌ಬ್ರೋದ ಹಳೆಯ ಕಟ್ಟಡಗಳಿಗೆಲ್ಲ ಹೀಗೆ ಎರಡೆರಡು ಮೆಟ್ಟಿಲು. ಬೀದಿಗೆ ತೆರೆಯುವುದು ಬಾಗಿಲ ಮೇಲೆ ಹೆಸರಿರುವವರಿಗೆ. ಅಂಗಳಕ್ಕೆ ಇಳಿಯುವುದು ಕಸ ಹಾಕುವವರಿಗೆ, ಅರ್ಧ ಮಹಡಿ ಕೆಳಗಿನ ಕಕ್ಕಸಿಗೆ ಹೋಗುವವರಿಗೆ, ಮತ್ತೆ ಡಾಗ್ನಿಯಂಥವರಿಗೆ.

ಇದರಲ್ಲಿ ಯಾರ ಮನೆ ಮುರಿದ ಕತೆಯೂ ಇಲ್ಲ. ಹೋಲ್ಗರ್ ವಿಂಥರ್ ಮದುವೆಯೇ ಆಗದ ಮನುಷ್ಯ. ಮೊದಲು ಟ್ರಾಮ್, ಟ್ರಾಮ್ ನಿಂತ ಮೇಲೆ ಬಸ್ಸು ಓಡಿಸಿ ನಿವೃತ್ತನಾದವನು. ಡಾಗ್ನಿ ಗಂಡ ಸತ್ತವಳು, ಬಿಯರ್ ಕಾರ್ಖಾನೆಯಲ್ಲಿ ಬಾಟಲಿ ತೊಳೆದೂ ತೊಳೆದೂ ಬೆರಳ ಸಂದು ದಪ್ಪವಾಗಿಸಿಕೊಂಡವಳು. ಇಬ್ಬರೂ ಅರವತ್ತು ದಾಟಿದ ಮೇಲೆ ಒಂದು ಇಸ್ಪೀಟಿನ ಸಂಜೆಯಲ್ಲಿ ಪರಿಚಯವಾದರು, ಆರು ತಿಂಗಳಲ್ಲಿ ಅವಳು ಅವನ ಮನೆಗೆ ಬಂದಳು. ಮದುವೆಯಾಗಬಹುದಿತ್ತಲ್ಲ ಎಂದರೆ, ಆಗಬಹುದಿತ್ತು. ಆದರೆ ಒಂಟಿ ಮುದುಕರಿಗೆ ಸಿಗುವ ಪಿಂಚಣಿಯೇ ಬೇರೆ, ಜೊತೆಯಲ್ಲಿ ಬಾಳುವವರಿಗೆ ಸಿಗುವುದೇ ಬೇರೆ. ಇಬ್ಬರು ಒಂದೇ ಪಾತ್ರೆಯ ಆಲೂಗೆಡ್ಡೆ ತಿಂದರೆ ಇಬ್ಬರ ಹೊಟ್ಟೆಯೂ ಚಿಕ್ಕದಾಗುತ್ತದೆ ಎಂದು ಸರ್ಕಾರದ ನಂಬಿಕೆ. ಮದುವೆಯಾಗದೆ ಸುಮ್ಮನೆ ಒಂದೇ ಸೂರಿನಡಿ ಇದ್ದರೂ ಕಡಿತವೇ. ಹಾಗಾಗಿ ಕಾಗದದ ಮಟ್ಟಿಗೆ ಡಾಗ್ನಿ ಊರಾಚೆಯ ವಿಡೋವ್ರೆಯಲ್ಲಿ ತಮ್ಮ ಸ್ವೆಂಡನ ಮನೆಯಲ್ಲಿದ್ದಳು. ಅಲ್ಲಿ ಅಂಚೆ ಪೆಟ್ಟಿಗೆಯ ಮೇಲೆ ಅವಳ ಹೆಸರು, ಮಹಡಿಯ ಮೇಲೆ ಅವಳದೆಂದು ಹೇಳಲು ಒಂದು ಮಂಚ.

ಹೋಲ್ಗರ್ ಮೊದಲ ದಿನವೇ ಅವಳಿಗೆ ಪಾಠ ಹೇಳಿಕೊಟ್ಟಿದ್ದ. ನಗರಸಭೆಯಿಂದ ಯಾರಾದರೂ ಬಂದು ವಿಚಾರಿಸುವುದುಂಟು, ಅಕ್ಕಪಕ್ಕದವರನ್ನು ಕೇಳುವುದುಂಟು. ಎರಡು ಹಲ್ಲುಜ್ಜುವ ಬ್ರಶ್ ಕಂಡರೂ ಮುಗಿಯಿತು.

"ಯಾರೇ ಕೇಳಲಿ, ಕಾಫಿಗೆ ಬಂದಿದ್ದೆ ಅನ್ನು. ಅಷ್ಟೇ. ಜಾಸ್ತಿ ಮಾತಾಡ್ಬೇಡ. ಜಾಸ್ತಿ ಮಾತಾಡಿದ್ರೆ ನಿನ್ನ ಕಿವಿ ಕೆಂಪಗಾಗುತ್ತೆ, ಸಿಕ್ಕಿಬೀಳ್ತೀಯ," ಎಂದಿದ್ದ.

ಅವಳು ಬ್ರಶ್ಶನ್ನು ಕೈಚೀಲದಲ್ಲಿ ಇಟ್ಟುಕೊಂಡಳು. ಬಟ್ಟೆಗೆ ಅಡುಗೆಮನೆಯ ಪಕ್ಕದ ಕಪಾಟಿನ ಒಂದು ಅರೆ ಸಾಕು ಎಂದಳು. ಮುಂಬಾಗಿಲ ಹಿತ್ತಾಳೆಯ ಫಲಕದಲ್ಲಿ ಹೋಲ್ಗರನ ಹೆಸರು ಮಾತ್ರ. ಅದನ್ನು ಶನಿವಾರ ಶನಿವಾರ ತಿಕ್ಕಿ ಹೊಳೆಯಿಸುತ್ತಿದ್ದವಳು ಡಾಗ್ನಿ. ಕಟ್ಟಡದವರಿಗೆಲ್ಲ ವಿಷಯ ಗೊತ್ತು. ಗೊತ್ತಿದ್ದೂ ಯಾರೂ ತುಟಿ ಪಿಟಕ್ಕೆನ್ನುವವರಲ್ಲ, ಏಕೆಂದರೆ ಹಿಂಬದಿ ಮೆಟ್ಟಿಲಲ್ಲಿ ಓಡಾಡುವವಳು ಡಾಗ್ನಿ ಒಬ್ಬಳೇ ಅಲ್ಲ. ಎದುರು ಮನೆಯ ಎಬ್ಬಾಳ ಹತ್ತಿರ ಬುಧವಾರ ಬಂದು ಭಾನುವಾರ ಹೋಗುವ ನಿವೃತ್ತ ನಾವಿಕನೊಬ್ಬನಿದ್ದ. ಕೆಳಗೆ ತರಕಾರಿ ಅಂಗಡಿ ಇಟ್ಟಿದ್ದ ತುರ್ಕಿಯ ನೆಜ್ಮಿ ಈ ದೇಶದ ಭಾಷೆ ಕಲಿಯುವ ಮೊದಲೇ ಈ ಕಟ್ಟಡದ ನಡವಳಿಕೆ ಕಲಿತಿದ್ದ: ಯಾರು ಏನೇ ಕೇಳಿದರೂ, ನೋಡಿಲ್ಲ.

ಹೀಗಿದ್ದೂ ಡಾಗ್ನಿಗೆ ಆ ಮನೆಯೆಂದರೆ ಪ್ರಾಣ. ಎರಡು ಕೋಣೆ, ಒಂದು ಅಡುಗೆಮನೆ, ಸ್ನಾನಕ್ಕೆ ಬೀದಿಯ ಕೊನೆಯ ಸಾರ್ವಜನಿಕ ಸ್ನಾನಗೃಹ. ಕಿಟಕಿ ತೆರೆದರೆ ಇಡೀ ಬೀದಿ ಒಳಗೆ ಬರುತ್ತಿತ್ತು. ರೈಲು ನಿಲ್ದಾಣದ ಘೋಷಣೆ, ಮಾಂಸದಂಗಡಿಗೆ ಬರುವ ಲಾರಿಯ ಗುಡುಗು, ಮೂಲೆಯಲ್ಲಿ ನಿಂತ ಹೆಂಗಸರ ಜಗಳ, ಹೆಂಡದಂಗಡಿಯಿಂದ ಹೊರಬಿದ್ದವರ ಹಾಡು. ಬೇರೆಯವರಿಗೆ ತಲೆನೋವು ತರುವ ಗಲಾಟೆಯಲ್ಲಿ ಅವಳು ಮಗುವಿನಂತೆ ನಿದ್ದೆ ಮಾಡುತ್ತಿದ್ದಳು. ವಿಡೋವ್ರೆಯಲ್ಲಿ ತಮ್ಮನ ಮನೆಗೆ ಹಬ್ಬಕ್ಕೆ ಹೋದಾಗ ಅಲ್ಲಿನ ನಿಶ್ಶಬ್ದಕ್ಕೆ ಹೆದರಿ ಬೆಳಗಿನವರೆಗೆ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು. ಅಲ್ಲಿ ಬದುಕಿದರೆ ನಾನು ಸತ್ತದ್ದೂ ನನಗೆ ತಿಳಿಯುವುದಿಲ್ಲ ಎಂದು ಹೋಲ್ಗರನಿಗೆ ಹೇಳಿದ್ದಳು.

ಫೆಬ್ರವರಿಯಲ್ಲಿ ಹೋಲ್ಗರ್ ಎದೆ ಹಿಡಿದುಕೊಂಡು ಕುಸಿದ. ಆಂಬುಲೆನ್ಸಿನಲ್ಲಿ ಅವಳೂ ಹೋದಳು. ಆಸ್ಪತ್ರೆಯಲ್ಲಿ ನರ್ಸು, ನೀವು ಇವರಿಗೇನಾಗಬೇಕು ಎಂದು ಕೇಳಿದಳು. ಕೇಳಿದ್ದು ನರ್ಸು, ನಗರಸಭೆಯಲ್ಲ. ಆದರೆ ಹದಿನಾಲ್ಕು ವರ್ಷ ಪಳಗಿದ ನಾಲಿಗೆಗೆ ಆ ವ್ಯತ್ಯಾಸ ಎಲ್ಲಿ ತಿಳಿಯಬೇಕು. "ಪರಿಚಯದವಳು. ಕಾಫಿಗೆ ಬಂದಿದ್ದೆ," ಎಂದುಬಿಟ್ಟಳು. ಪರಿಚಯದವರಿಗೆ ರಾತ್ರಿ ಅಲ್ಲಿ ಕೂರುವ ಅವಕಾಶವಿರಲಿಲ್ಲ, ಪರಿಚಯದವರಿಗೆ ಯಾರೂ ಫೋನೂ ಮಾಡುವುದಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಪೈಜಾಮ ಹಿಡಿದು ಹೋದಾಗ ಹಾಸಿಗೆ ಖಾಲಿಯಾಗಿತ್ತು. ಸುದ್ದಿಯನ್ನು ದೂರದ ಯೂಲಂಡಿನಲ್ಲಿದ್ದ ಹೋಲ್ಗರನ ಅಣ್ಣನ ಮಗನಿಗೆ ತಿಳಿಸಿದ್ದರಂತೆ. ಆ ಅಣ್ಣನ ಮಗ ಚಿಕ್ಕಪ್ಪನ ಮುಖ ನೋಡಿ ಯಾವ ಕಾಲವಾಗಿತ್ತೋ. ಶವಸಂಸ್ಕಾರದ ದಿನ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂತವನು ಅವನು. ಡಾಗ್ನಿ ಹಿಂದೆ, ಅಕ್ಕಪಕ್ಕದವರ ನಡುವೆ ಕೂತಳು. ಎಬ್ಬಾ ಅವಳ ಕೈಯನ್ನು ಬಿಡದೆ ಹಿಡಿದುಕೊಂಡಿದ್ದಳು.

ಅಲ್ಲಿಂದ ಮುಂದೆ ಪ್ರಶ್ನೆ ಮನೆಯದು. ಕಟ್ಟಡ ಹಿಂದಿನ ವರ್ಷವಷ್ಟೇ ಹೊಸ ಮಾಲೀಕರ ಕೈಗೆ ಹೋಗಿತ್ತು. ಬಾಡಿಗೆದಾರ ಸತ್ತು ಖಾಲಿಯಾದ ಮನೆಯೆಂದರೆ ಅವರ ಬಾಯಲ್ಲಿ ನೀರೂರುತ್ತದೆ. ಗೋಡೆ ಕೆಡವಿ, ಒಳಗೇ ಸ್ನಾನದ ಕೋಣೆ ಕಟ್ಟಿಸಿ, ಹಳೆ ಬಾಡಿಗೆಯ ಮೂರು ಪಟ್ಟಿಗೆ ಕೊಟ್ಟರೂ ನಿಲ್ದಾಣದ ಹತ್ತಿರದ ಮನೆಗೆ ಜನ ಕ್ಯೂ ನಿಲ್ಲುತ್ತಾರೆ. ಮೇ ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಅಣ್ಣನ ಮಗನಿಗೆ ತಿಳಿಸಿದರು. ಅವನು ಡಾಗ್ನಿಗೆ ಫೋನು ಮಾಡಿ, ಸಾಮಾನು ನಿಮಗೆ ಬೇಕಾದ್ದು ಇಟ್ಟುಕೊಳ್ಳಿ, ಉಳಿದದ್ದು ಎಸೆಯಿರಿ ಎಂದ. ಕೆಟ್ಟವನೇನಲ್ಲ, ಅವನಿಗೆ ಸಂಬಂಧವಿಲ್ಲ ಅಷ್ಟೇ.

ಡಾಗ್ನಿ ಒಂದು ವಾರ ಕೈ ಕೈ ಹಿಸುಕಿಕೊಂಡು ಕೂತಳು. ಆಮೇಲೆ ಬಾಡಿಗೆದಾರರ ಸಂಘದ ಕಚೇರಿಗೆ ಹೋದಳು. ಅಲ್ಲಿ ಗುರುವಾರ ಸಂಜೆ ಸಲಹೆ ಕೊಡುತ್ತಾರೆ. ಅಲ್ಲಿದ್ದ ವಕೀಲೆ, ಕತ್ತರಿಸಿದ ಬಿಳಿ ಕೂದಲಿನ ಹೆಂಗಸು, ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ್ದು ಇಷ್ಟು: ಸತ್ತ ಬಾಡಿಗೆದಾರನ ಜೊತೆ ಎರಡು ವರ್ಷ ಒಂದೇ ಸಂಸಾರ ಮಾಡಿಕೊಂಡಿದ್ದವರಿಗೆ ಮನೆಯಲ್ಲಿ ಮುಂದುವರಿಯುವ ಹಕ್ಕಿದೆ, ಅದೇ ಬಾಡಿಗೆಗೆ, ಮದುವೆಯಾಗಿರದಿದ್ದರೂ.

"ಆದ್ರೆ ಇದ್ದಿದ್ದು ನಿಜ ಅಂತ ತೋರಿಸ್ಬೇಕು. ಕಾಗದದಲ್ಲಿ ನೀವು ಬೇರೆ ಕಡೆ ಇದ್ದೀರಿ. ನಿಜ ಹೇಳಿದ್ರೆ ಪಿಂಚಣಿ ವಿಷಯಾನೂ ಹೊರಗೆ ಬರುತ್ತೆ, ಗೊತ್ತಲ್ಲ? ನೋಡಿದವರು ಯಾರಾದ್ರೂ ಇದ್ದಾರಾ?" ಎಂದು ವಕೀಲೆ ಕೇಳಿದಳು.

ಡಾಗ್ನಿಗೆ ಹೋಲ್ಗರ್ ಹೋದ ಮೇಲೆ ಮೊದಲ ಸಲ ನಗು ಬಂತು. "ನೋಡಿದವರಾ? ಇಡೀ ಕಟ್ಟಡಕ್ಕೇ ಗೊತ್ತು," ಎಂದಳು.

ಆ ರಾತ್ರಿಯೇ ಮನಸ್ಸು ಗಟ್ಟಿ ಮಾಡಿದಳು. ಸರ್ಕಾರಕ್ಕೆ ವಾಪಸು ಕೊಡಬೇಕಾದದ್ದನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಟ್ಟರಾಯಿತು. ಮಾಂಸ ಬಿಟ್ಟರಾಯಿತು, ರೈ ಬ್ರೆಡ್ಡಿಗೆ ಬೀಟ್‌ರೂಟಿನ ಉಪ್ಪಿನಕಾಯಿ ಸಾಕು. ಆದರೆ ಕಿಟಕಿ ತನ್ನದಾಗಿರಬೇಕು, ಬಾಗಿಲ ಮೇಲೆ ತನ್ನ ಹೆಸರಿರಬೇಕು. ಈ ವಯಸ್ಸಿನಲ್ಲಿ ಒಂದು ಸಲವಾದರೂ ನಿಜ ಹೇಳಿ ಮುಂದಿನ ಮೆಟ್ಟಿಲು ಹತ್ತುತ್ತೇನೆ ಎಂದುಕೊಂಡಳು.

ಮಾಲೀಕರ ಕಚೇರಿಗೆ ಹೋಗಿ ಮೇಜಿನಾಚೆ ಕೂತಿದ್ದ ವ್ಯವಸ್ಥಾಪಕನಿಗೆ ಎಲ್ಲವನ್ನೂ ಹೇಳಿದಳು. ಟೈ ಸಡಿಲಿಸಿಕೊಂಡಿದ್ದ ಆ ನಡುವಯಸ್ಸಿನವನು ಮರ್ಯಾದೆಯಿಂದಲೇ ಕೇಳಿದ. ಫ್ರು ಕ್ರೋಗ್, ಫ್ರು ಕ್ರೋಗ್ ಎಂದು ಎರಡು ಮಾತಿಗೊಮ್ಮೆ ಶ್ರೀಮತಿ ಸೇರಿಸಿ ಅವಳ ಮನೆತನದ ಹೆಸರು ಹಿಡಿದ. ಹೆಂಗಸರನ್ನು ಹಾಗೆ ಗೌರವದಿಂದ ಕರೆಯುವುದು ಬಿಟ್ಟುಹೋಗಿ ಎಷ್ಟೋ ಕಾಲವಾಗಿದ್ದರಿಂದ ಡಾಗ್ನಿಗೆ ಹಿತವೆನಿಸಿತು. ನಮ್ಮವನೊಬ್ಬ ಬಂದು ಮನೆ ನೋಡಿ, ಅಕ್ಕಪಕ್ಕ ವಿಚಾರಿಸುತ್ತಾನೆ, ಹೊಂದಿಕೆಯಾದರೆ ಕರಾರು ನಿಮ್ಮ ಹೆಸರಿಗೆ ಎಂದ. ಅವಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೆ ಅವಳು ಒಂದು ತಪ್ಪು ಮಾಡಿದಳು. ಮಾಡಿದ್ದನ್ನು ಕಟ್ಟಡದಲ್ಲಿ ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ತಾನೇ ಬಾಯಿ ಬಿಟ್ಟೆ ಎಂದರೆ, ನಾಳೆ ಎಬ್ಬಾಳ ನಾವಿಕನ ಸುದ್ದಿಯೂ ಎದ್ದೀತೆಂದು ಎಬ್ಬಾ ಹೆದರುತ್ತಾಳೆ. ಎಲ್ಲ ಮುಗಿದು ಕರಾರು ಕೈಗೆ ಬಂದ ಮೇಲೆ ಬಾದಾಮಿ ತುಂಬಿದ ದೊಡ್ಡ ಸಿಹಿ ರೊಟ್ಟಿ, ಕ್ರಿಂಗ್ಲೆ, ಮಾಡಿ, ಎಲ್ಲರನ್ನೂ ಮುಂಬಾಗಿಲಿನಿಂದ ಕರೆದು ಕಾಫಿ ಕೊಟ್ಟು, ಆಗ ಹೇಳುವುದೆಂದು ಲೆಕ್ಕ ಹಾಕಿದಳು. ಆ ವಾರದ ಕೊನೆಗೆ ವಿಡೋವ್ರೆಗೆ ಹೋದಳು. ನಗರಸಭೆಯಿಂದ ಏನಾದರೂ ಬಂದೀತು, ಗಾಬರಿಯಾಗಬೇಡ ಎಂದು ಸ್ವೆಂಡನಿಗೆ ಎದುರಿಗೆ ಕೂತು ಹೇಳಬೇಕಿತ್ತು. ಸ್ವೆಂಡ್ ಮಾತು ಕಡಿಮೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಎಣ್ಣೆ ಬಿಡುತ್ತ, ನಿನ್ನ ಮಂಚ ಇಲ್ಲೇ ಇರುತ್ತೆ ಎಂದಷ್ಟೇ ಹೇಳಿದ.

ಸೋಮವಾರ ಸಂಜೆ ಅವಳು ಅಂಗಳ ದಾಟುತ್ತಿದ್ದಾಗ ನೆಜ್ಮಿ ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದ. ಅವನು ಅವಳನ್ನು ಕರೆಯುತ್ತಿದ್ದದ್ದು ಅಕ್ಕ ಎಂದು. ಎಂದೂ ಇಲ್ಲದವನು ಅವತ್ತು ಒಂದು ಚೀಲ ಟೊಮೆಟೊ ಕೈಗಿಟ್ಟು, "ಹೆದರ್ಬೇಡ ಅಕ್ಕಾ. ನೋಡೇ ಇಲ್ಲ ಅಂದೆ," ಎಂದು ಕಣ್ಣು ಮಿಟುಕಿಸಿದ. ಡಾಗ್ನಿಗೆ ಏನೂ ತಿಳಿಯಲಿಲ್ಲ. ತಿಳಿಯದಿದ್ದರೂ ಎಂದಿಗಿಂತ ಬೇಗ ಬೇಗ ಮೆಟ್ಟಿಲು ಹತ್ತಿದಳು.

ಎಬ್ಬಾ ತನ್ನ ಅಡುಗೆಮನೆಯ ಬಾಗಿಲು ತೆರೆದೇ ಇಟ್ಟುಕೊಂಡು ಕಾಯುತ್ತಿದ್ದಳು. ಮೇಜಿನ ಮೇಲೆ ಕಹಿ ಮದ್ಯದ ಬಾಟಲಿ, ಎರಡು ಪುಟ್ಟ ಲೋಟ. ಗೆದ್ದು ಬಂದವಳ ಮುಖ.

"ಕೂತ್ಕೊಳೇ. ಕುಡಿ ಮೊದ್ಲು. ಬಂದಿದ್ದ ಕಣೇ, ನಗರಸಭೆಯವನು. ಜಾಕೆಟ್ ಹಾಕ್ಕೊಂಡು, ಚೀಲ ನೇತಾಕ್ಕೊಂಡು. ಯಾರ ಕಡೆಯವನು ಅಂತ ಅವನು ಹೇಳ್ಲಿಲ್ಲ, ನೋಡಿದ್ರೇ ಗೊತ್ತಾಗುತ್ತಲ್ಲ. ಹೋಲ್ಗರ್ ಮನೇಲಿ ಬೇರೆ ಯಾರಾದ್ರೂ ಇದ್ರಾ ಅಂತ ಬೆಣ್ಣೆ ಥರ ಕೇಳ್ತಾನೆ. ಸತ್ತ ಮೇಲೂ ಬಿಡಲ್ಲ ನೋಡು ಈ ಜನ."

ಡಾಗ್ನಿ ಲೋಟ ಮುಟ್ಟಲಿಲ್ಲ.

ಎಬ್ಬಾ ಉಸಿರು ಬಿಡದೆ ಹೇಳಿದಳು. ಅವನು ಮೊದಲು ಕೆಳಗೆ ನೆಜ್ಮಿಯನ್ನು ಕೇಳಿದ್ದು. ನೆಜ್ಮಿ ಕೂಡಲೇ ಹಿಂಬದಿ ಮೆಟ್ಟಿಲಿನಲ್ಲಿ ಮಗಳನ್ನು ಓಡಿಸಿ ಮೇಲಕ್ಕೆ ಸುದ್ದಿ ಮುಟ್ಟಿಸಿದ್ದು. ಆ ಮನುಷ್ಯ ಕಟ್ಟಡದ ಮೇಲ್ವಿಚಾರಕ ಪ್ರೇಬೆನ್‌ನನ್ನು ಹುಡುಕಿ ಬೀಗದ ಕೈ ತರಿಸುವಷ್ಟರಲ್ಲಿ ಎಬ್ಬಾ ತನ್ನ ಹತ್ತಿರವಿದ್ದ ಇನ್ನೊಂದು ಬೀಗದ ಕೈ ಬಳಸಿ ಅಡುಗೆಮನೆ ಕಡೆಯಿಂದ ಒಳಗೆ ನುಗ್ಗಿದ್ದು. ಡಾಗ್ನಿಯ ಚಪ್ಪಲಿ, ನಿಲುವಂಗಿ, ಎರಡನೆಯ ದಿಂಬು, ಕಪಾಟಿನ ಅರೆಯಲ್ಲಿದ್ದ ಬಟ್ಟೆ, ಮೊಣಕಾಲಿಗೆ ಹಚ್ಚುವ ಮುಲಾಮು, ಎಲ್ಲವನ್ನೂ ಬಾಚಿ ಚಾದರದಲ್ಲಿ ಗಂಟು ಕಟ್ಟಿ ತನ್ನ ಮನೆಗೆ ಸಾಗಿಸಿದ್ದು. ಗಂಟು ಅಲ್ಲೇ ಮೂಲೆಯಲ್ಲಿತ್ತು.

"ಕಿಟಕೀಲಿ ಒಣಗಿದ್ದ ನಿನ್ನ ಕಾಲುಚೀಲಾನೂ ಬಿಡ್ಲಿಲ್ಲ," ಎಂದು ಎಬ್ಬಾ ನಕ್ಕಳು. "ಅವನು ಒಳಗೆ ಬಂದು ನೋಡ್ತಾನೆ, ಒಂದು ದಿಂಬು, ಒಂದು ಕಪ್ಪು. ಪ್ರೇಬೆನ್ ಅಂದ, ವಿಂಥರ್ ಒಂಟಿ ಪ್ರಾಣಿ, ಯಾವತ್ತೂ ಒಬ್ನೇ ಅಂತ. ನಾನಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಒಬ್ಳು ಬರ್ತಿದ್ಲು ಅಪರೂಪಕ್ಕೆ, ಕಾಫಿಗೆ, ಅವ್ಳು ವಿಡೋವ್ರೆಯವ್ಳು ಅಂದೆ. ಸುಳ್ಳಿಗೆ ಸ್ವಲ್ಪ ನಿಜ ಬೆರೆಸ್ಬೇಕು, ಅಲ್ವಾ? ಬರ್ಕೊಂಡು, ಥ್ಯಾಂಕ್ಸ್ ಹೇಳಿ ಹೋದ. ನಾವು ಒಬ್ರೂ ಬಾಯಿ ಬಿಡ್ಲಿಲ್ಲ ಕಣೇ, ಒಬ್ರೂ."

ಡಾಗ್ನಿ ಮೂಲೆಯ ಗಂಟನ್ನೇ ನೋಡುತ್ತಿದ್ದಳು. ಹದಿನಾಲ್ಕು ವರ್ಷದ ಸಂಸಾರ ಎಷ್ಟು ಚಿಕ್ಕದಾಗಿ ಕಟ್ಟಿತ್ತು. ಕೂಗಬೇಕೆನಿಸಿತು, ಎಬ್ಬಾಳ ಕೆನ್ನೆಗೆ ಬಾರಿಸಬೇಕೆನಿಸಿತು, ಜೊತೆಗೇ ಅವಳನ್ನು ತಬ್ಬಿಕೊಳ್ಳಬೇಕೆಂದೂ ಅನಿಸಿತು. ಯಾರು ಮಾಡುತ್ತಾರೆ ಇಷ್ಟು, ಈ ಕಾಲದಲ್ಲಿ, ಪರರಿಗಾಗಿ? ಕೊನೆಗೆ ಅವಳು ಹೇಳಿದ್ದು ಮೆಲ್ಲಗೆ.

"ಅವನು ನಗರಸಭೆಯವನಲ್ಲ, ಎಬ್ಬಾ. ಮಾಲೀಕರ ಕಡೆಯವನು. ನಾನೇ ಕಳಿಸಿ ಅಂದಿದ್ದೆ. ನಾನು ಇಲ್ಲಿದ್ದೆ ಅಂತ ನೀವು ಹೇಳಿದ್ರೆ ಮನೆ ನಂಗೆ ಸಿಗ್ತಿತ್ತು."

ಎಬ್ಬಾಳ ಮುಖ ಸಣ್ಣಗಾಯಿತು. ಬೀದಿಯಲ್ಲಿ ಯಾರೋ ಬಾಟಲಿ ಒಡೆದರು, ಯಾರೋ ಬೈದರು. ಎಬ್ಬಾ ತನ್ನ ಲೋಟವನ್ನೂ ಡಾಗ್ನಿಯ ಲೋಟವನ್ನೂ ಒಂದಾದ ಮೇಲೊಂದು ಕುಡಿದು, "ನಂಗೊಂದು ಮಾತು ಹೇಳ್ಬಾರ್ದಿತ್ತೇನೇ," ಎಂದಳು. ಬಯ್ಗುಳದಂತೆ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಅಳುವಾಗಿತ್ತು.

ಮರುದಿನ ಎಬ್ಬಾ ಒಳ್ಳೆಯ ಕೋಟು ಹಾಕಿಕೊಂಡು, ನೆಜ್ಮಿಯ ಅಂಗಡಿಗೆ ಬೀಗ ಹಾಕಿಸಿ, ಅವನನ್ನೂ ಎಳೆದುಕೊಂಡು ಮಾಲೀಕರ ಕಚೇರಿಗೆ ಹೋದಳು. ಪ್ರೇಬೆನ್ ಬರಲಿಲ್ಲ, ಅವನ ಕೆಲಸವೂ ಅವನಿದ್ದ ಮನೆಯೂ ಅದೇ ಮಾಲೀಕರ ಕೈಯಲ್ಲಿ, ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡರೆ ಎರಡೂ ಹೋಗುತ್ತವೆ ಎಂದು ಮುಖ ತಿರುಗಿಸಿದ. ಕಚೇರಿಯಲ್ಲಿ ಅದೇ ವ್ಯವಸ್ಥಾಪಕ, ಅದೇ ಮರ್ಯಾದೆ. ಎಬ್ಬಾ ತನ್ನ ನಾವಿಕನ ವಿಷಯವನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಅವನು ಪೂರ್ತಿ ಕೇಳಿ ಡಾಗ್ನಿಯ ಕಡೆ ತಿರುಗಿದ.

"ನಿನ್ನೆ ಇವರೇ ಇಲ್ಲ ಅಂದ್ರು, ಇವತ್ತು ಇವರೇ ಹೌದು ಅಂತಾರೆ. ನಮ್ಮ ಮನುಷ್ಯ ಕಣ್ಣಾರೆ ನೋಡಿದ್ದು ಒಂದೇ ದಿಂಬು. ನಾನು ಯಾವುದನ್ನ ನಂಬ್ಲಿ ಹೇಳಿ, ಫ್ರು ಕ್ರೋಗ್? ಮನೆ ಖಾಲಿ ಆದಾಗೆಲ್ಲ ಯಾರಾದ್ರೂ ಒಬ್ಬರು ಬಂದೇ ಬರ್ತಾರೆ."

ಅವನಿಗೆ ನಿಜ ತಿಳಿದಿತ್ತು ಎಂದೇ ಡಾಗ್ನಿ ಇವತ್ತಿಗೂ ನಂಬಿದ್ದಾಳೆ. ತಿಳಿದಿದ್ದರೇನು, ಸುಳ್ಳು ಅವನಿಗೆ ಪುಕ್ಕಟೆಯಾಗಿ ಸಿಕ್ಕಿತ್ತು, ಅದೂ ನೆರೆಹೊರೆಯವರ ಬಾಯಿಂದಲೇ. ಸಂಘದ ವಕೀಲೆ, ಕೋರ್ಟಿಗೆ ಹೋಗಬಹುದು ಎಂದಳು, ಆದರೆ ಹೇಳುವಾಗಲೇ ಕಣ್ಣು ಕೆಳಗೆ ಹಾಕಿದಳು. ವರ್ಷಗಟ್ಟಲೆ ಎಳೆದೀತು, ಪಿಂಚಣಿಯ ಬಾಬ್ತು ಮಾತ್ರ ನಾಳೆಯೇ ಬಂದು ಕದ ತಟ್ಟೀತು. ಡಾಗ್ನಿ ಸಾಕು ಎಂದಳು. ಹೋಲ್ಗರನ ಮೇಲೆ ಕೋಪ ಬಂತು, ಅವನು ಸತ್ತದ್ದಕ್ಕಿಂತ ಅವನು ಕಲಿಸಿದ ಪಾಠವನ್ನು ಇಡೀ ಕಟ್ಟಡ ಅಷ್ಟು ಚೆನ್ನಾಗಿ ಕಲಿತದ್ದಕ್ಕೆ. ನಾನು ಎಲ್ಲಿಯೂ ಇರಲೇ ಇಲ್ಲವೇನೋ ಎಂದು ಅವಳಿಗೇ ಒಮ್ಮೊಮ್ಮೆ ಅನುಮಾನವಾಗುತ್ತಿತ್ತು. ಆಗ ಎದ್ದು ಹೋಗಿ ಕಪಾಟಿನ ಆ ಖಾಲಿ ಅರೆಯ ಮೇಲೆ ಕೈ ಆಡಿಸುತ್ತಿದ್ದಳು.

ಮೇ ಕೊನೆಯ ಶನಿವಾರ ಸ್ವೆಂಡ್ ಪರಿಚಯದವರ ವ್ಯಾನು ತಂದು ಬೀದಿಯಲ್ಲಿ ನಿಲ್ಲಿಸಿದ. ಡಾಗ್ನಿ ತೆಗೆದುಕೊಂಡದ್ದು ಹೆಚ್ಚೇನಿಲ್ಲ, ಹೋಲ್ಗರನ ಆರಾಮಕುರ್ಚಿ, ಕಾಫಿ ಕಾಸುವ ಪಾತ್ರೆ, ಎಬ್ಬಾ ಕಟ್ಟಿದ ಆ ಗಂಟು. ಎಬ್ಬಾ ಅದನ್ನು ಬಿಚ್ಚಿ ಕೊಡಲು ಬಂದಾಗ ಡಾಗ್ನಿ ಬೇಡವೆಂದಿದ್ದಳು. ಕುರ್ಚಿಯನ್ನು ನೆಜ್ಮಿ ಇಳಿಸಿದ. ಡಾಗ್ನಿ ಗಂಟು ಎತ್ತಿಕೊಂಡು ಅಡುಗೆಮನೆಯ ಬಾಗಿಲ ಕಡೆಗೆ ನಡೆದಳು, ಕಾಲು ತಾನಾಗಿ ಆ ಕಡೆಗೇ ಹೋಯಿತು. ಎಬ್ಬಾ ಅವಳ ತೋಳು ಹಿಡಿದಳು.

"ಆ ಕಡೆ ಬೇಡ ಕಣೇ. ಇವತ್ತು ಮುಂದಿನ ಕಡೆಯಿಂದ ಹೋಗು. ಯಾರು ನೋಡಿದ್ರೆ ಏನೀಗ?"

ಮುಂದಿನ ಮೆಟ್ಟಿಲು ಅಗಲವಾಗಿತ್ತು, ಹಿಡಿಕಂಬಿ ನುಣುಪಾಗಿತ್ತು. ಆದರೆ ಅದು ಖಾಲಿಯಿರಲಿಲ್ಲ. ಮನೆ ನೋಡಲು ಬಂದವರ ಸಾಲು ಬೀದಿಯ ಬಾಗಿಲಿನಿಂದ ಮೇಲಿನ ಮಹಡಿಯವರೆಗೆ ನಿಂತಿತ್ತು. ಎಲ್ಲ ಎಳೆಯ ಜೋಡಿಗಳು, ಕೆಲವರ ಕೈಯಲ್ಲಿ ಅಳತೆ ಪಟ್ಟಿ, ಒಬ್ಬಳ ಹೊಟ್ಟೆ ಆರೇಳು ತಿಂಗಳಿನದು. ಅವತ್ತು ವಿಚಾರಿಸಲು ಬಂದಿದ್ದ ಜಾಕೆಟ್ಟಿನ ಮನುಷ್ಯ ಬಾಗಿಲಿನ ಹಿತ್ತಾಳೆ ಫಲಕದ ಸ್ಕ್ರೂ ಬಿಚ್ಚುತ್ತಿದ್ದ. ಡಾಗ್ನಿ ಗಂಟನ್ನು ಎದೆಗವುಚಿಕೊಂಡು ಅವರ ನಡುವೆ ದಾರಿ ಮಾಡಿಕೊಂಡು ಇಳಿದಳು. ಅವರೆಲ್ಲ ಗೋಡೆಗೆ ಒತ್ತಿ ಜಾಗ ಬಿಟ್ಟರು, ಒಳ್ಳೆಯ ಮಕ್ಕಳು.

ಮೊದಲ ಮಹಡಿಯ ತಿರುವಿನಲ್ಲಿ ಆ ಬಸುರಿ ಹುಡುಗಿ ಅವಳನ್ನು ನೋಡಿ ನಕ್ಕಳು. "ನೀವು ಇಲ್ಲೇ ಇರೋದಾ? ಬೀದಿ ಗಲಾಟೆ ಜಾಸ್ತಿ ಅಂತಾರಲ್ಲ, ರಾತ್ರಿ ನಿದ್ದೆ ಬರುತ್ತಾ ಇಲ್ಲಿ?" ಎಂದು ಕೇಳಿದಳು.

ಡಾಗ್ನಿ ನಿಂತಳು. ಬರುತ್ತೆ ಮಗಾ, ತುಂಬಾ ಚೆನ್ನಾಗಿ ಬರುತ್ತೆ ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಮೇಲಿನಿಂದ ಎಬ್ಬಾ ಕಟಾಂಜನದ ಮೇಲೆ ಬಗ್ಗಿ, ಹೇಳು ಎನ್ನುವಂತೆ ನೋಡುತ್ತಿದ್ದಳು.

"ನಂಗೊತ್ತಿಲ್ಲಮ್ಮ," ಎಂದಳು ಡಾಗ್ನಿ. "ನಾನು ಕಾಫಿಗೆ ಬಂದಿದ್ದೆ."